ನೋಡುವವರು ನಾವು, ಎಣಿಸುವವರು ಯಾರೋ

ಧಾರಾವಾಹಿ ಸಾಯುವ ಮೊದಲು ಲಕ್ಷಣ ತೋರಿಸುತ್ತದೆ. ರಾತ್ರಿ ಎಂಟಕ್ಕೆ ಬರುತ್ತಿದ್ದದ್ದು ಒಂದು ಸೋಮವಾರ ಇದ್ದಕ್ಕಿದ್ದಂತೆ ಸಂಜೆ ಐದೂವರೆಗೆ ಜಾರುತ್ತದೆ. ಅತ್ತೆಯ ಪಾತ್ರಕ್ಕೆ ಹೊಸ ಮುಖ ಬರುತ್ತದೆ, 'ಇನ್ನು ಮುಂದೆ ಈ ಪಾತ್ರದಲ್ಲಿ' ಎಂಬ ಅಕ್ಷರ ತೆರೆಯ ಕೆಳಗೆ ಹಾದುಹೋಗುತ್ತದೆ. ಕಥೆ 'ಐದು ವರ್ಷಗಳ ನಂತರ' ಎಂದು ಜಿಗಿಯುತ್ತದೆ, ತೊಟ್ಟಿಲಲ್ಲಿದ್ದ ಕೂಸು ಶಾಲೆಗೆ ಹೊರಡುತ್ತದೆ. ಪಕ್ಕದ ಧಾರಾವಾಹಿಯ ಮಂದಿ ಮದುವೆಯ ನೆಪದಲ್ಲಿ ಬಂದು ಒಂದು ವಾರ 'ಮಹಾಸಂಗಮ' ನಡೆಸುತ್ತಾರೆ. ಇಷ್ಟಾಯಿತೆಂದರೆ ಉಳಿದದ್ದು ಎರಡೋ ಮೂರೋ ತಿಂಗಳು. ವಿಜಯಪುರ ಜಿಲ್ಲೆಯ ತಿಕೋಟಾದ ಒಣದ್ರಾಕ್ಷಿ ಶೆಡ್ಡುಗಳಲ್ಲಿ ಕಾಳು ಆರಿಸುತ್ತ ಕೂಡುವ ಹೆಣ್ಣುಮಕ್ಕಳಿಗೆ ಈ ಲಕ್ಷಣಶಾಸ್ತ್ರ ಪತ್ರಿಕೆಗಳ ಸಿನಿಮಾ ಪುಟದವರಿಗಿಂತ ಚೆನ್ನಾಗಿ ಗೊತ್ತು. 'ಟೈಮ್ ಬದಲ್ ಮಾಡ್ಯಾರಂದ್ರ ಮುಗೀತ್ ತಗೋ' ಎಂದು ಕೈ ನಿಲ್ಲಿಸದೆಯೇ ತೀರ್ಪು ಕೊಡುತ್ತಾರೆ. ಆದರೆ 'ಎಲ್ಲಾರೂ ನೋಡತಿದ್ರಲ್ಲ, ಮತ್ಯಾಕ ಬಂದ್ ಮಾಡಿದ್ರು?' ಎಂಬ ಮುಂದಿನ ಪ್ರಶ್ನೆಗೆ ಶೆಡ್ಡಿನಲ್ಲೂ ಉತ್ತರವಿಲ್ಲ, ಪತ್ರಿಕೆಯಲ್ಲೂ ಇಲ್ಲ.

ಜನ ನೋಡಲಿಲ್ಲ, ಅದಕ್ಕೆ ನಿಲ್ಲಿಸಿದೆವು ಎಂಬುದು ವಾಹಿನಿಗಳ ಸಿದ್ಧ ಉತ್ತರ. ಯಾವ ಜನ ನೋಡಲಿಲ್ಲ ಎಂಬುದನ್ನು ಅವರು ಬಿಡಿಸಿ ಹೇಳುವುದಿಲ್ಲ. ವಿಜಯಪುರ ಜಿಲ್ಲೆಯ ಮಟ್ಟಿಗೆ ವಿಷಯ ಹೀಗಿದೆ: ನಾವು ನೋಡಿದರೂ, ಬಿಟ್ಟರೂ ಆ ಲೆಕ್ಕ ಹೆಚ್ಚು ಅಲುಗಾಡುವುದಿಲ್ಲ. ಇಷ್ಟು ದಿನ ಇದು ಬೇಸರದ ಸಂಗತಿಯಾಗಿತ್ತು. ಬರುವ ನಾಲ್ಕೈದು ವರ್ಷಗಳಲ್ಲಿ ನಷ್ಟದ ಸಂಗತಿಯಾಗಲಿದೆ. ಕಾರ್ಯಕ್ರಮಗಳನ್ನು ಮಾಡುವ ಕೈಗಳು ಕಡಿಮೆಯಾಗುತ್ತಿವೆ, ತೋರಿಸುವ ದಾರಿಗಳು ಬದಲಾಗುತ್ತಿವೆ, ಹಳೆಯದನ್ನು ಇಟ್ಟುಕೊಂಡವರು ಬೀಗ ಹಾಕಿಕೊಳ್ಳುತ್ತಿದ್ದಾರೆ. ನಿಂತ ಮೇಲೆ ಅಳುವುದಕ್ಕಿಂತ ನಿಲ್ಲುವ ಮೊದಲು ಕೂಗು ಹಾಕುವುದು ಒಳ್ಳೆಯದು ಎಂದುಕೊಂಡು ಈ ಮಾತು.

ಇಷ್ಟಕ್ಕೂ ಮೆಚ್ಚಿದ ಟಿವಿಯನ್ನು ಕಳೆದುಕೊಳ್ಳುವುದು ಈ ಜಿಲ್ಲೆಗೆ ಹೊಸದಲ್ಲ. ಕರ್ನಾಟಕದಲ್ಲಿ ಟಿವಿ ಮೊದಲು ಬಂದದ್ದು ಬೆಂಗಳೂರಿಗೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಬೆಂಗಳೂರು ದೂರದರ್ಶನ ಶುರುವಾದದ್ದು 1981ರ ನವೆಂಬರ್‌ನಲ್ಲಿ. ಅದಕ್ಕೂ ಆರು ವರ್ಷ ಮೊದಲು, 1975ರ ಆಗಸ್ಟ್ 1ರಂದು, ಅಂದಿನ ವಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳಲ್ಲಿ ಟಿವಿ ಮೂಡಿತ್ತು. ಸೈಟ್ ಎಂದು ಆ ಯೋಜನೆಯ ಹೆಸರು. ಅಮೆರಿಕದ ನಾಸಾ ಸಂಸ್ಥೆ ತನ್ನ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಭಾರತಕ್ಕೆ ಬಿಟ್ಟುಕೊಟ್ಟಿತ್ತು. ಇಸ್ರೊ ಆರು ರಾಜ್ಯಗಳ 20 ಜಿಲ್ಲೆಗಳಲ್ಲಿ ಸುಮಾರು 2,400 ಹಳ್ಳಿಗಳನ್ನು ಆರಿಸಿಕೊಂಡು ಒಂದೊಂದಕ್ಕೂ ಒಂದು ಟಿವಿ ಕೊಟ್ಟಿತು. ಕರ್ನಾಟಕದ ಪಾಲಿಗೆ ಆರಿಸಿದ್ದು ಈ ಮೂರು ಜಿಲ್ಲೆಗಳನ್ನೇ. ಹಿಂದುಳಿದವರು ಎಂಬ ಹಣೆಪಟ್ಟಿಯಿಂದ ನಮಗೆ ಸಿಕ್ಕ ಲಾಭಗಳು ಕಡಿಮೆ, ಇದು ಅವುಗಳಲ್ಲಿ ಒಂದು.

ಅದರ ಆಂಟೆನಾ ನೋಡುವಂತಿತ್ತು. ಹತ್ತು ಅಡಿ ಅಗಲದ ಬುಟ್ಟಿ, ಅದಕ್ಕೆ ಹೊದೆಸಿದ್ದು ಕೋಳಿಗೂಡಿಗೆ ಬಡಿಯುವಂಥ ತಂತಿಯ ಜಾಳಿಗೆ. ಶಾಲೆಯ ಅಥವಾ ಪಂಚಾಯಿತಿಯ ಗೋಡೆಯ ಬಳಿ ಅದು ಆಕಾಶಕ್ಕೆ ಮುಖ ಮಾಡಿ ನಿಂತಿರುತ್ತಿತ್ತು. ಕರೆಂಟು ಇಲ್ಲದ ಕೆಲವು ಊರುಗಳಲ್ಲಿ ಬ್ಯಾಟರಿಯ ಮೇಲೆ ಟಿವಿ ಓಡಿಸಿದರು. ಬೆಳಗ್ಗೆ ಒಂದೂವರೆ ತಾಸು ಶಾಲೆಯ ಮಕ್ಕಳಿಗೆ, ಸಂಜೆ ಎರಡೂವರೆ ತಾಸು ಊರಿಗೆ. ಬೇಸಾಯ, ಆರೋಗ್ಯ, ಕುಟುಂಬ ಯೋಜನೆ, ನಡುವೆ ಹಾಡು, ಆಟ, ನಾಟಕ. ಕನ್ನಡದ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲಿ. ತುರ್ತು ಪರಿಸ್ಥಿತಿಯ ಕಾಲ, ಹಾಗಾಗಿ ವಾರ್ತೆಯಲ್ಲಿ ಸರ್ಕಾರದ ಗುಣಗಾನ ಧಾರಾಳವಾಗಿತ್ತು ಎನ್ನುವುದನ್ನೂ ಮರೆಯಬೇಕಾಗಿಲ್ಲ. ಆದರೂ ಅಂಗಳದಲ್ಲಿ ಕಂಬಳಿ ಹಾಸಿ ಕೂತ ಊರಿಗೆ ಅದು ತನ್ನದೇ ಟಿವಿಯಾಗಿತ್ತು.

ಒಂದು ವರ್ಷ ತುಂಬಿತು. 1976ರ ಜುಲೈ 31ಕ್ಕೆ ಪ್ರಸಾರ ನಿಂತಿತು. ನೋಡುವವರಿಲ್ಲ ಎಂದು ನಿಂತದ್ದಲ್ಲ. ಉಪಗ್ರಹ ನಮ್ಮದಾಗಿರಲಿಲ್ಲ, ಒಪ್ಪಂದ ಮುಗಿದಿತ್ತು, ನಾಸಾ ಅದನ್ನು ಬೇರೆ ಕಡೆಗೆ ಸರಿಸಿಕೊಂಡಿತು. ಮರುವರ್ಷ ಗುಲ್ಬರ್ಗಾದಲ್ಲಿ, ಅಂದರೆ ಇಂದಿನ ಕಲಬುರಗಿಯಲ್ಲಿ, ನೆಲದ ಮೇಲಿನ ಟಿವಿ ಕೇಂದ್ರ ಬಂತು, ಅದೇ ರಾಜ್ಯದ ಮೊದಲ ದೂರದರ್ಶನ ಕೇಂದ್ರ. ಅದರ ಗೋಪುರದ ಸುತ್ತಲ ಹಳ್ಳಿಗಳಿಗೆ ಟಿವಿ ತಿರುಗಿ ಸಿಕ್ಕಿತು. ಅಲ್ಲಿಂದ ಇಲ್ಲಿಗೆ ನೂರೈವತ್ತು ಕಿಲೋಮೀಟರಿಗೂ ಹೆಚ್ಚು ದೂರ. ಆ ಗೋಪುರದ ಅಲೆ ಇಷ್ಟು ದೂರ ಬರುವಂಥದ್ದಲ್ಲ. ಒಂದೇ ಕಾರ್ಯಕ್ರಮ, ಒಂದೇ ಮೆಚ್ಚುಗೆ, ಒಂದೇ ದಿನ ನಿಂತದ್ದು. ಗೋಪುರ ಎಲ್ಲಿ ನೆಟ್ಟರು ಎನ್ನುವುದರ ಮೇಲೆ ಯಾರಿಗೆ ತಿರುಗಿ ಸಿಗಬೇಕು ಎಂಬುದು ತೀರ್ಮಾನವಾಯಿತು. ಟಿವಿ ಕಾರ್ಯಕ್ರಮ ಏಕೆ ನಿಲ್ಲುತ್ತದೆ, ಏಕೆ ಮರಳುತ್ತದೆ ಎಂದು ಕೇಳುವವರು ಈ ಪ್ರಸಂಗವನ್ನು ಮೊದಲು ಓದಬೇಕು. ಮುಂದಿನದೆಲ್ಲ ಇದರದೇ ವಿಸ್ತರಣೆ.

ಈಗ ಇವತ್ತಿನ ಲೆಕ್ಕಕ್ಕೆ ಬರೋಣ. ಟಿಆರ್‌ಪಿ ಎಂಬ ಶಬ್ದ ಬಬಲೇಶ್ವರದ ಪಾನ್ ಅಂಗಡಿಯಲ್ಲೂ ಕೇಳುತ್ತದೆ, ಆದರೆ ಅದು ಹುಟ್ಟುವುದು ಹೇಗೆ ಎಂದು ಕೇಳಿದರೆ ಮಾತು ತಡವರಿಸುತ್ತದೆ. ಬಾರ್ಕ್ ಎಂಬ ಸಂಸ್ಥೆ 2015ರಿಂದ ಈ ಎಣಿಕೆ ಮಾಡುತ್ತಿದೆ. ಆರಿಸಿದ ಕೆಲವು ಮನೆಗಳಲ್ಲಿ ಒಂದು ಮೀಟರ್ ಇಡುತ್ತಾರೆ. ವಾಹಿನಿಯ ಧ್ವನಿಯಲ್ಲಿ ಕಿವಿಗೆ ಕೇಳದಂಥ ಗುರುತೊಂದು ಬೆರೆತಿರುತ್ತದೆ, ಮೀಟರ್ ಅದನ್ನು ಹಿಡಿದು ಯಾವ ವಾಹಿನಿ ಎಷ್ಟು ನಿಮಿಷ ಓಡಿತು ಎಂದು ಬರೆದುಕೊಳ್ಳುತ್ತದೆ. ಯಾವ ಮನೆಯಲ್ಲಿ ಮೀಟರ್ ಇದೆ ಎನ್ನುವುದು ಗುಟ್ಟು. ಗುರುವಾರ ಬಂತೆಂದರೆ ವಾರದ ಅಂಕಿ ಹೊರಬೀಳುತ್ತದೆ, ಬೆಂಗಳೂರಿನ ಕಚೇರಿಗಳಲ್ಲಿ ಮುಖಗಳ ಬಣ್ಣ ಬದಲಾಗುತ್ತದೆ. ಹತ್ತು ಸೆಕೆಂಡಿನ ಜಾಹೀರಾತಿಗೆ ಎಷ್ಟು ಕೇಳಬಹುದು ಎಂಬುದು ಆ ಅಂಕಿಯ ಮೇಲೆ ನಿಂತಿದೆ. ಅಂಕಿ ಇಳಿದರೆ ವೇಳೆ ಬದಲು, ವೇಳೆ ಬದಲಾದರೆ ಅಂಕಿ ಮತ್ತೂ ಇಳಿತ. ಶೆಡ್ಡಿನ ಹೆಣ್ಣುಮಕ್ಕಳು ಹೇಳುವುದು ಇದನ್ನೇ.

ಈ ಮೀಟರುಗಳು ಎಷ್ಟು? ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ 2025ರ ಜುಲೈನಲ್ಲಿ ತಾನೇ ಹೇಳಿದ ಲೆಕ್ಕ: ದೇಶದಲ್ಲಿ ಟಿವಿ ಇರುವ ಮನೆಗಳು ಸುಮಾರು 23 ಕೋಟಿ, ಮೀಟರುಗಳು ಸುಮಾರು 58,000. ಶೇಕಡಾ 0.025. ಅಂದರೆ ಹತ್ತಿರ ಹತ್ತಿರ ನಾಲ್ಕು ಸಾವಿರ ಮನೆಗೆ ಒಂದು. ಈ ಸರಾಸರಿಯನ್ನು ನಮ್ಮ ಕಡೆಗೆ ತಂದು ನೋಡಿ. 2011ರ ಜನಗಣತಿಯಲ್ಲಿ ವಿಜಯಪುರ ಜಿಲ್ಲೆಯ ಜನಸಂಖ್ಯೆ 21.77 ಲಕ್ಷ. ಮನೆಗಳು ಅಂದಾಜು ನಾಲ್ಕು ಲಕ್ಷ ಎಂದಿಟ್ಟುಕೊಂಡು, ಎಲ್ಲ ಮನೆಯಲ್ಲೂ ಟಿವಿ ಇದೆ ಎಂದೇ ಉದಾರವಾಗಿ ಊಹಿಸಿದರೂ ಇಡೀ ಜಿಲ್ಲೆಗೆ ನೂರರ ಆಸುಪಾಸು ಮೀಟರು. ಗೋಳಗುಮ್ಮಟದ ಊರಿಗೆ, ಇಂಡಿಗೆ, ಸಿಂದಗಿಗೆ, ಮುದ್ದೇಬಿಹಾಳಕ್ಕೆ ಹಂಚಿಹೋದ ಮೇಲೆ ತಿಕೋಟಾ ಊರಿನ ಪಾಲಿಗೆ ಒಂದು ಪೂರ್ತಿ ಮೀಟರೂ ಬೀಳಲಿಕ್ಕಿಲ್ಲ. ಮಾದರಿ ಸಮೀಕ್ಷೆ ಎಂದರೆ ಹೀಗೆಯೇ ಇರುವುದು, ಒಂದು ಅಗುಳು ಹಿಚುಕಿ ಅನ್ನ ಬೆಂದಿದೆಯೋ ನೋಡುವುದು ಎಂದು ಸಂಖ್ಯಾಶಾಸ್ತ್ರದವರು ಸಮಾಧಾನ ಹೇಳಬಹುದು. ಒಪ್ಪೋಣ. ಒಂದೇ ಪಾತ್ರೆಯ ಅನ್ನವಾದರೆ ಒಂದು ಅಗುಳು ಸಾಕು. ಬೆಂಗಳೂರಿನ ಫ್ಲ್ಯಾಟೂ ಬಬಲೇಶ್ವರದ ತೋಟದ ಮನೆಯೂ ಒಂದೇ ಪಾತ್ರೆಯಲ್ಲ.

ತೋಟದ ಮನೆಯ ಸಂಜೆಯನ್ನು ನೋಡಿದವರಿಗೆ ಇದು ಗೊತ್ತು. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಕೊಟ್ಟ ವಾರ ಗಂಡಸರು ಎಂಟೂವರೆಯ ಧಾರಾವಾಹಿಗೆ ಮನೆಯಲ್ಲೇ ಇರುವುದಿಲ್ಲ. ಬೇಸಿಗೆಯಲ್ಲಿ ಕರೆಂಟು ಹೋಗುವುದು ಸರಿಯಾಗಿ ಕಥೆ ತಿರುವು ತೆಗೆದುಕೊಳ್ಳುವ ಹೊತ್ತಿಗೆ. ದ್ರಾಕ್ಷಿ ಕಟಾವಿನ ದಿನಗಳಲ್ಲಿ ಹೆಂಗಸರು ಊಟ ಮುಗಿಸುವುದೇ ಹತ್ತಕ್ಕೆ. ತಪ್ಪಿದ ಕಂತನ್ನು ಅವರು ಮರುದಿನ ಶೆಡ್ಡಿನಲ್ಲಿ ಮೊಬೈಲನ್ನು ಡಬ್ಬಿಗೆ ಆನಿಸಿಟ್ಟು ನೋಡುತ್ತಾರೆ, ನಾಲ್ಕು ಮಂದಿ ಒಂದೇ ಮೊಬೈಲಿನಲ್ಲಿ. ಈ ನೋಟ ಯಾವ ಮೀಟರಿನಲ್ಲೂ ಬರುವುದಿಲ್ಲ. ಗಡಿ ದಾಟಿದರೆ ಇನ್ನೊಂದು ವಿಚಿತ್ರ. ತಿಕೋಟಾದ ಪಶ್ಚಿಮಕ್ಕೆ ಸ್ವಲ್ಪ ದೂರ ಹೋದರೆ ಮಹಾರಾಷ್ಟ್ರದ ಜತ್ತ ತಾಲ್ಲೂಕು. ಅತ್ತ ಉತ್ತರಕ್ಕೆ ಅಕ್ಕಲಕೋಟೆ, ಸೊಲ್ಲಾಪುರ. ಅಲ್ಲಿನ ಸಾವಿರಾರು ಮನೆಗಳಲ್ಲಿ ಸಂಜೆ ಓಡುವುದು ಕನ್ನಡ ಧಾರಾವಾಹಿ. ಕನ್ನಡ ವಾಹಿನಿಗಳು ಪೈಪೋಟಿಗೆ ಇಟ್ಟುಕೊಂಡಿರುವುದು ಕರ್ನಾಟಕ ಎಂಬ ಮಾರುಕಟ್ಟೆಯ ಅಂಕಿಯನ್ನು. ಜತ್ತದ ಮನೆ ಮಹಾರಾಷ್ಟ್ರದ ಲೆಕ್ಕಕ್ಕೆ ಸೇರಿದ್ದು. ಅಲ್ಲಿ ಕನ್ನಡ ನೋಡುವ ಅಜ್ಜಿ ಬೆಂಗಳೂರಿನ ಗುರುವಾರದ ಅಂಕಿಯಲ್ಲಿ ಇಲ್ಲವೇ ಇಲ್ಲ.

ನಮ್ಮ ಹಿರಿಯರು ಕಂಡ ಇನ್ನೊಂದು ಎಣಿಕೆ ಇತ್ತು. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಗೆ ವಿಜಯಪುರದಲ್ಲೋ, ಬನಶಂಕರಿಯ ಜಾತ್ರೆಗೆ ಬಾದಾಮಿಯಲ್ಲೋ ನಾಟಕ ಕಂಪನಿ ಕ್ಯಾಂಪ್ ಹಾಕಿದರೆ ಮಾಲೀಕ ಪರದೆಯ ಸಂದಿಯಿಂದ ಇಣುಕಿ ಲೆಕ್ಕ ಹಾಕುತ್ತಿದ್ದ. ನೆಲದ ಮಂದಿ ಎಷ್ಟು, ಕುರ್ಚಿ ಎಷ್ಟು ತುಂಬಿವೆ, ಎತ್ತಿನ ಗಾಡಿ ಯಾವ ಊರಿನವು. ಕಲೆಕ್ಷನ್ ಬಿದ್ದರೆ ಕ್ಯಾಂಪ್ ಎತ್ತುತ್ತಿದ್ದ, ತುಂಬಿದರೆ ತಿಂಗಳುಗಟ್ಟಲೆ ಅದೇ ನಾಟಕ. ಆ ಲೆಕ್ಕವೂ ದುಡ್ಡಿನದೇ, ನಿರ್ದಯವೇ. ಆದರೆ ಎದುರಿಗೆ ಕೂತವನ ಚಪ್ಪಾಳೆ ಅದರಲ್ಲಿ ಸೇರುತ್ತಿತ್ತು. 2025ರ ಅಕ್ಟೋಬರಿನಲ್ಲಿ ತೀರಿಕೊಂಡ ರಾಜು ತಾಳಿಕೋಟೆ ಈ ಕಂಪನಿ ರಂಗದಿಂದಲೇ ಬಂದವರು. ಅವರ 'ಕಲಿಯುಗದ ಕುಡುಕ' ಕ್ಯಾಸೆಟ್ ಆಗಿ ಟೆಂಪೊದಲ್ಲಿ, ಚಹಾದಂಗಡಿಯಲ್ಲಿ, ಮನೆಯ ಟೇಪ್ ರೆಕಾರ್ಡರಿನಲ್ಲಿ ಎಷ್ಟು ಓಡಿತೆಂದರೆ, ಬಿಗ್ ಬಾಸ್ ಮನೆಗೆ ಹೋಗುವ ಎಷ್ಟೋ ಮೊದಲೇ ಅವರ ಧ್ವನಿ ಈ ಸೀಮೆಯಲ್ಲಿ ಮನೆಮಾತಾಗಿತ್ತು. ಯಾವ ವಾಹಿನಿಯೂ ಅದನ್ನು ನಿಲ್ಲಿಸಲಾರದಾಗಿತ್ತು, ಏಕೆಂದರೆ ಪ್ರತಿ ನಮ್ಮ ಪೆಟ್ಟಿಗೆಯಲ್ಲಿತ್ತು. ಈ ಕೊನೆಯ ಮಾತನ್ನು ಓದುಗರು ನೆನಪಿಡಬೇಕು, ಮುಂದೆ ಬೇಕಾಗುತ್ತದೆ.

ನಿಂತದ್ದು ಯಾವಾಗ ಮರಳುತ್ತದೆ? ಲಾಕ್‌ಡೌನ್ ದಿನಗಳು ಇದಕ್ಕೆ ಒಳ್ಳೆಯ ಪಾಠ ಹೇಳಿವೆ. ಟಿ.ಎನ್. ಸೀತಾರಾಮ್ ಅವರ 'ಮಗಳು ಜಾನಕಿ' 2018ರ ಜುಲೈನಿಂದ ಕಲರ್ಸ್ ಸೂಪರ್ ವಾಹಿನಿಯಲ್ಲಿ ಬರುತ್ತಿತ್ತು. 1998ರ 'ಮಾಯಾಮೃಗ'ದ ಕಾಲದಿಂದ ಸೀತಾರಾಮರ ಹಿಂದೆ ಇದ್ದ ನೋಡುಗರು ಜಾನಕಿಯ ಹಿಂದೆಯೂ ಇದ್ದರು. ಅಡುಗೆಮನೆಯ ಜಗಳದ ಬದಲು ಕೋರ್ಟು, ಪೊಲೀಸು, ರಾಜಕಾರಣ ಇದ್ದ ಕಥೆ. 2020ರಲ್ಲಿ ಕೊರೊನಾ ಬಂತು, ಚಿತ್ರೀಕರಣ ನಿಂತಿತು, ಜಾಹೀರಾತು ಒಣಗಿತು. ಜಾನಕಿ ಅರ್ಧ ದಾರಿಯಲ್ಲಿ ನಿಂತಳು. ಕಥೆ ಮುಗಿಸುವ ಭಾಗ್ಯವೂ ಸಿಗಲಿಲ್ಲ. ಮರುವರ್ಷ, 2021ರ ಮೇ ತಿಂಗಳಲ್ಲಿ, ಎರಡನೆಯ ಅಲೆಗೆ ಬಿಗ್ ಬಾಸ್ ಎಂಟನೆಯ ಆವೃತ್ತಿಯೂ ನಡುವೆಯೇ ನಿಂತಿತು, ಸ್ಪರ್ಧಿಗಳು ಗಂಟುಮೂಟೆ ಕಟ್ಟಿ ಮನೆಗೆ ಹೋದರು. ಜೂನ್ ಮುಗಿಯುವುದರೊಳಗೆ ಅದೇ ಸ್ಪರ್ಧಿಗಳು ಅದೇ ಮನೆಯೊಳಗೆ ತಿರುಗಿ ಬಂದು ಕೂತಿದ್ದರು. ರೋಗ ಒಂದೇ, ವಾಹಿನಿಗಳ ಬಳಗವೂ ಒಂದೇ. ಪ್ರಾಯೋಜಕರು ಕಾದಿದ್ದ ಕಾರ್ಯಕ್ರಮ ಎರಡು ತಿಂಗಳೊಳಗೆ ಎದ್ದು ಬಂತು. ನೋಡುಗರಷ್ಟೇ ಕಾದಿದ್ದ ಕಾರ್ಯಕ್ರಮ ಏಳಲೇ ಇಲ್ಲ. ಸೀತಾರಾಮ್ ಮತ್ತೆ ಕಂಡದ್ದು 2022ರ ಕೊನೆಯಲ್ಲಿ, 'ಮತ್ತೆ ಮಾಯಾಮೃಗ'ದೊಂದಿಗೆ, ಅದೂ ಸಿರಿ ಕನ್ನಡ ಎಂಬ ಸಣ್ಣ ವಾಹಿನಿಯಲ್ಲಿ. ದೊಡ್ಡ ವಾಹಿನಿಗಳು ಬಿಟ್ಟ ಜಾಗದಲ್ಲಿ ಸಣ್ಣದೊಂದು ವಾಹಿನಿ ಇದ್ದುದರಿಂದ ಅದು ಸಾಧ್ಯವಾಯಿತು ಎಂಬುದು ನನ್ನ ಲೆಕ್ಕ.

ಅದೇ 2020ರಲ್ಲಿ ಇನ್ನೂ ಎರಡು ಬಗೆಯ ಮರಳುವಿಕೆ ನಡೆಯಿತು. ಹೊಸದು ಮಾಡಲಾಗದ ದೂರದರ್ಶನ 1987ರ 'ರಾಮಾಯಣ'ವನ್ನು ಕಪಾಟಿನಿಂದ ತೆಗೆದು ಮಾರ್ಚ್ 28ರಿಂದ ಹಾಕಿತು. ಏಪ್ರಿಲ್ 16ರ ಒಂದೇ ರಾತ್ರಿ 7.7 ಕೋಟಿ ಮಂದಿ ನೋಡಿದರು ಎಂದು ಅದು ಹೇಳಿಕೊಂಡಿತು. ಇತ್ತ ಕನ್ನಡ ವಾಹಿನಿಗಳು ಹಿಂದಿಯಲ್ಲಿ ತಯಾರಾಗಿ ಕೂತಿದ್ದ ಸರಕಿಗೆ ಕನ್ನಡದ ಮಾತು ಕೊಟ್ಟವು. 2012ರಲ್ಲಿ 'ಸತ್ಯಮೇವ ಜಯತೇ'ಯನ್ನು ಕನ್ನಡದಲ್ಲಿ ಕೇಳಬೇಕೆಂದವರಿಗೆ ಡಬ್ಬಿಂಗ್ ವಿರೋಧದ ಗೋಡೆ ಅಡ್ಡ ಬಂದಿತ್ತು; ಸ್ಪರ್ಧಾ ಆಯೋಗದ 2015ರ ಆದೇಶದ ನಂತರವೂ ಅರ್ಧಂಬರ್ಧ ನಿಂತಿದ್ದ ಆ ಗೋಡೆ ಲಾಕ್‌ಡೌನಿನಲ್ಲಿ ಯಾರೂ ತಳ್ಳದೆಯೇ ಬಿತ್ತು. ಸ್ಟಾರ್ ಸುವರ್ಣದಲ್ಲಿ 'ಮಹಾಭಾರತ' ಬಂತು. ಜೀ ಕನ್ನಡದಲ್ಲಿ ಜುಲೈ 4ರಿಂದ ಅಂಬೇಡ್ಕರರ ಕಥೆ 'ಮಹಾನಾಯಕ' ಬಂತು.

'ಮಹಾನಾಯಕ'ದ ವಿಷಯವನ್ನು ಸ್ವಲ್ಪ ನಿಂತು ನೋಡಬೇಕು. ಅದನ್ನು ನಿಲ್ಲಿಸಿ ಎಂದು ವಾಹಿನಿಯ ಮುಖ್ಯಸ್ಥ ರಾಘವೇಂದ್ರ ಹುಣಸೂರು ಅವರಿಗೆ ಬೆದರಿಕೆ ಕರೆಗಳು ಬಂದವು. ಅವರೇ ಅದನ್ನು ಬಹಿರಂಗವಾಗಿ ಹೇಳಿಕೊಂಡರು. ಆಮೇಲೆ ನಡೆದದ್ದು ಕನ್ನಡ ಟಿವಿಯ ಚರಿತ್ರೆಯಲ್ಲಿ ಅಪರೂಪದ್ದು. ರಾಜ್ಯದ ಹಳ್ಳಿ ಹಳ್ಳಿಗಳ ಅಗಸೆಗಳಲ್ಲಿ, ಬಸ್ ನಿಲ್ದಾಣಗಳಲ್ಲಿ ಧಾರಾವಾಹಿಯೊಂದಕ್ಕೆ ಫ್ಲೆಕ್ಸ್ ಬಿದ್ದವು. ಓಣಿಯ ಹುಡುಗರು ಚಂದಾ ಎತ್ತಿ ಕಟ್ಟಿದ ಫ್ಲೆಕ್ಸ್. ಮೀಟರ್ ಇಲ್ಲದ ಮನೆಯವರು ತಮ್ಮನ್ನು ತಾವೇ ಎಣಿಸಿ ತೋರಿಸಿದ ಹಾಗಿತ್ತು ಅದು. ಧಾರಾವಾಹಿ ಮುಂದುವರಿಯಿತು. ಇಂಥದ್ದು ಹಿಂದೆಯೂ ಒಮ್ಮೆ ನಡೆದಿತ್ತು. 1988ರಲ್ಲಿ 'ರಾಮಾಯಣ' ಉತ್ತರಕಾಂಡ ಮುಟ್ಟದೆ ಮುಗಿಯುತ್ತದೆ ಎಂದಾಗ ಜಲಂಧರದ ಪೌರಕಾರ್ಮಿಕರು ಕೆಲಸ ನಿಲ್ಲಿಸಿ ಮುಷ್ಕರ ಹೂಡಿದ್ದರು. ವಾಲ್ಮೀಕಿಯ ಆಶ್ರಮದ ಕಥೆ ಬಾರದೆ ಅದೆಂಥ ರಾಮಾಯಣ ಎಂಬುದು ಅವರ ತಕರಾರು. ಲವ–ಕುಶರ ಕಥೆ ಬಂತು. ಕೆಳಗಿನವರು ಎಂದು ಲೆಕ್ಕದಿಂದ ಬಿಟ್ಟವರೇ ಎರಡೂ ಸಲ ಗೆದ್ದದ್ದು ಕಾಕತಾಳೀಯ ಎಂದು ನನಗೆ ಅನ್ನಿಸುವುದಿಲ್ಲ.

ಉಳಿದ ಮರಳುವಿಕೆಗಳ ಕಥೆ ಚಿಕ್ಕದು. 'ಪಾಪ ಪಾಂಡು' 2018ರಲ್ಲಿ ಮರಳಿತು, ಹೆಸರಿನ ಬೆಲೆ ಇನ್ನೂ ಇತ್ತು ಎಂದು. 'ಎದೆ ತುಂಬಿ ಹಾಡುವೆನು' ಎಸ್‌ಪಿಬಿ ತೀರಿಕೊಂಡ ಮರುವರ್ಷ, 2021ರಲ್ಲಿ, ಹೊಸ ತೀರ್ಪುಗಾರರೊಂದಿಗೆ ಬಂತು. ಹಾಡು ಇತ್ತು, ಹಾಡಿಸುತ್ತಿದ್ದವರ ವಾತ್ಸಲ್ಯ ಇರಲಿಲ್ಲ. 'ವೀಕೆಂಡ್ ವಿತ್ ರಮೇಶ್' 2014ರಿಂದ ಐದು ಸಲ ನಿಂತು ನಿಂತು ಬಂದಿದೆ, ಅದು ನಿಲ್ಲುವುದಲ್ಲ, ಉಸಿರು ತೆಗೆದುಕೊಳ್ಳುವುದು. ದೂರದರ್ಶನದ ಚಂದನ ವಾಹಿನಿಯ 'ಥಟ್ ಅಂತ ಹೇಳಿ' 2002ರಿಂದ ಪುಸ್ತಕವನ್ನೇ ಬಹುಮಾನ ಕೊಡುತ್ತ ನಡೆದಿದೆ. ಅದಕ್ಕೆ ಡಾ. ನಾ. ಸೋಮೇಶ್ವರರ ಶ್ರದ್ಧೆ ಒಂದು ಕಾರಣ, ಗುರುವಾರದ ಅಂಕಿ ಅದರ ಕುತ್ತಿಗೆಯ ಮೇಲೆ ಕೂತಿಲ್ಲ ಎಂಬುದು ಇನ್ನೊಂದು. ಸರ್ಕಾರಿ ಟಿವಿಯನ್ನು ಗೇಲಿ ಮಾಡುವವರು ಈ ಎರಡನೆಯ ಕಾರಣವನ್ನು ಸ್ವಲ್ಪ ಯೋಚಿಸಬೇಕು.

ನಮ್ಮ ಭಾಷೆಯ ವಿಷಯ? 'ಗಿಣಿರಾಮ' 2020ರ ಆಗಸ್ಟಿನಿಂದ 2023ರ ಜನವರಿಯವರೆಗೆ ಕಲರ್ಸ್ ಕನ್ನಡದಲ್ಲಿ ಓಡಿತು, ಉತ್ತರ ಕರ್ನಾಟಕದ ಮಾತಿನಲ್ಲಿ. ಅದಕ್ಕೂ ಮೂಲ ಮರಾಠಿಯ ಧಾರಾವಾಹಿ. ಮಾತು ಅಲ್ಲಲ್ಲಿ ಬಾಗಲಕೋಟೆಯೂ ಅಲ್ಲದ, ಧಾರವಾಡವೂ ಅಲ್ಲದ, ಮೇಕಪ್ ಹಚ್ಚಿಕೊಂಡ ಮಾತಾಗಿತ್ತು. ಆದರೂ ಎರಡು ವರ್ಷಕ್ಕೂ ಹೆಚ್ಚು ನಡೆಯಿತು. 'ಆ ಕಡೆಯ ಭಾಷೆ ಓಡುವುದಿಲ್ಲ' ಎಂಬ ಗಾಂಧಿನಗರದ ಹಳೆಯ ವಾದಕ್ಕೆ ಇಷ್ಟು ಸಾಕ್ಷಿ ಸಾಕು. ಓಡಿತು ಎಂದಮೇಲೆ ಅಂಥವು ಸಾಲುಸಾಲು ಬರಬೇಕಿತ್ತು. ಸಂಜೆ ಆರರಿಂದ ರಾತ್ರಿ ಹತ್ತೂವರೆಯವರೆಗೆ ಕೂತು ನೋಡಿ, ನಮ್ಮ ಮಾತು ಎಷ್ಟು ನಿಮಿಷ ಕೇಳುತ್ತದೆ, ಅದರಲ್ಲಿ ನಗಿಸುವ ಆಳುಮಗನ ಬಾಯಲ್ಲಿ ಎಷ್ಟು, ನಾಯಕಿಯ ಬಾಯಲ್ಲಿ ಎಷ್ಟು.

ಇನ್ನು ಮುಂದೆ ಬರಲಿರುವುದು.

2024ರ ನವೆಂಬರಿನಲ್ಲಿ ರಿಲಯನ್ಸ್ ಮತ್ತು ಡಿಸ್ನಿಯ ಟಿವಿ ವ್ಯವಹಾರಗಳು ಒಂದಾಗಿ ಜಿಯೋಸ್ಟಾರ್ ಆಯಿತು. ಅಂದರೆ ಕಲರ್ಸ್ ಕನ್ನಡವೂ ಸ್ಟಾರ್ ಸುವರ್ಣವೂ ಇಂದು ಒಂದೇ ಮನೆಯ ಮಕ್ಕಳು. ಮೊದಲು ಒಂದು ಕಡೆ ಬೇಡವಾದ ಕಥೆ ಇನ್ನೊಂದು ಬಾಗಿಲು ತಟ್ಟಬಹುದಿತ್ತು. 'ಕನ್ನಡದ ಕೋಟ್ಯಧಿಪತಿ' 2012ರಲ್ಲಿ ಸುವರ್ಣದಲ್ಲಿ ಶುರುವಾಗಿ 2019ರಲ್ಲಿ ಕಲರ್ಸ್‌ಗೆ ಹೋಗಿ ಬದುಕಿತು, ಪುನೀತ್ ರಾಜ್‌ಕುಮಾರ್ ಅಲ್ಲಿಯೂ ಕುರ್ಚಿಯಲ್ಲಿ ಕೂತರು. ಅಮೆರಿಕದಲ್ಲಿ 'ಬ್ರೂಕ್ಲಿನ್ ನೈನ್-ನೈನ್' ಎಂಬ ಹಾಸ್ಯ ಸರಣಿಯನ್ನು 2018ರಲ್ಲಿ ಫಾಕ್ಸ್ ಬಿಟ್ಟ ಮರುದಿನವೇ ಎನ್‌ಬಿಸಿ ಎತ್ತಿಕೊಂಡಿತು, ಬೇರೆ ಒಡೆಯ ಇದ್ದುದಕ್ಕೆ. ಕನ್ನಡದಲ್ಲಿ ತಟ್ಟಬಹುದಾದ ಬಾಗಿಲುಗಳು ಈಗ ಒಂದು ಕಡಿಮೆಯಾಗಿವೆ. ಒಂದೇ ಮನೆಯಲ್ಲಿ ಎರಡು ಒಲೆ ಏಕೆ ಎಂದು ಲೆಕ್ಕದವರು ಕೇಳುವ ದಿನ ದೂರವಿಲ್ಲ. ಆ ದಿನ ಮೊದಲು ಆರುವುದು ಖರ್ಚು ಹೆಚ್ಚು ಬೇಡುವ, ಅಂಕಿ ಕಡಿಮೆ ತರುವ ಕಾರ್ಯಕ್ರಮ. ಹೊರಾಂಗಣ ಚಿತ್ರೀಕರಣ, ಪ್ರಾದೇಶಿಕ ಮಾತು, ಹೊಸ ಮುಖ. ಅದರ ಜಾಗಕ್ಕೆ ಡಬ್ ಆದದ್ದು ಅಗ್ಗವಾಗಿ ಸಿಗುತ್ತದೆ. ಡಬ್ಬಿಂಗಿಗೆ ನಾನು ವಿರೋಧಿಯಲ್ಲ, 'ಮಹಾನಾಯಕ' ಡಬ್ ಆಗಿಯೇ ಬಂದದ್ದು. ಆದರೆ ಅದು ಊಟದ ಜೊತೆಗಿನ ಪಲ್ಯವಾಗಿರುವವರೆಗೆ ಚೆನ್ನ.

ದೂರದರ್ಶನದ ಗೋಪುರಗಳು ಆಗಲೇ ಆರಿವೆ. ಹಳೆಯ ಅನಲಾಗ್ ಪ್ರಸಾರವನ್ನು, ಆಯಕಟ್ಟಿನ ಐವತ್ತರಷ್ಟು ಕಡೆ ಬಿಟ್ಟು, 2022ರ ಮಾರ್ಚ್ ಒಳಗೆ ಮುಗಿಸುವುದಾಗಿ ಪ್ರಸಾರ ಭಾರತಿ ಹೇಳಿತ್ತು. 2021ರ ಅಕ್ಟೋಬರಿನಲ್ಲಿ ಕಲಬುರಗಿ ಕೇಂದ್ರವೇ ಮುಚ್ಚುತ್ತದೆ ಎಂಬ ಸುದ್ದಿ ಹಬ್ಬಿದಾಗ, ಕೇಂದ್ರ ಮುಚ್ಚುವುದಿಲ್ಲ, ಚಂದನಕ್ಕೂ ಯೂಟ್ಯೂಬಿಗೂ ಕಾರ್ಯಕ್ರಮ ಮಾಡಿಕೊಡುತ್ತದೆ ಎಂದು ಸ್ಪಷ್ಟನೆ ಬಂತು. ಸರಿ. ಹಾಗಾದರೆ ಚಂದನದಲ್ಲಿ ಕಲಬುರಗಿ ಕೇಂದ್ರದ ಪಾಲು ವಾರಕ್ಕೆ ಎಷ್ಟು ನಿಮಿಷ, ಅದರಲ್ಲಿ ವಿಜಯಪುರದ್ದು ಎಷ್ಟು ಎಂಬುದನ್ನು ಪ್ರಕಟಿಸಲಿ. ನಮ್ಮ ಸಂಸದರು ಕೇಳಲು ಇದಕ್ಕಿಂತ ಸುಲಭದ ಪ್ರಶ್ನೆ ಇನ್ನೊಂದಿಲ್ಲ.

ಮೂರನೆಯದು ಎಲ್ಲಕ್ಕಿಂತ ಸದ್ದಿಲ್ಲದ್ದು. ಕಲರ್ಸ್ ಕನ್ನಡದ ಹಳೆಯ ಧಾರಾವಾಹಿ ಬೇಕೆಂದವರು 2023ರವರೆಗೆ ವೂಟ್ ಎಂಬ ಆ್ಯಪ್ ತೆರೆಯುತ್ತಿದ್ದರು. ಅದು ಜಿಯೋಸಿನಿಮಾದಲ್ಲಿ ಕರಗಿತು. 2025ರ ಫೆಬ್ರುವರಿಯಲ್ಲಿ ಜಿಯೋಸಿನಿಮಾ ಜಿಯೋಹಾಟ್‌ಸ್ಟಾರ್ ಆಯಿತು. ಎರಡೇ ವರ್ಷದೊಳಗೆ ಒಂದೇ ಧಾರಾವಾಹಿಯನ್ನು ಮೂರು ಅಂಗಡಿಗಳಲ್ಲಿ ಹುಡುಕಬೇಕಾಯಿತು. ಇನ್ನೊಂದು ಬದಲಾವಣೆಯಲ್ಲಿ ಯಾರೋ ಒಬ್ಬ ಅಧಿಕಾರಿ 'ಇದನ್ನು ಇಟ್ಟುಕೊಳ್ಳುವ ಖರ್ಚು ಬೇಡ' ಎಂದರೆ ಅದು ಹೋಯಿತು, ಯಾರಿಗೂ ತಿಳಿಯುವುದೂ ಇಲ್ಲ. ಬಿಬಿಸಿಯಂಥ ಬಿಬಿಸಿಯೇ 'ಡಾಕ್ಟರ್ ಹೂ' ಸರಣಿಯ ಅರವತ್ತರ ದಶಕದ ಟೇಪುಗಳನ್ನು ಅಳಿಸಿಹಾಕಿತ್ತು. 1989ರಲ್ಲಿ ನಿಂತ ಆ ಸರಣಿ 2005ರಲ್ಲಿ ವೈಭವದಿಂದ ಮರಳಿತು, ಆದರೆ ಅಳಿಸಿದ ನೂರರಷ್ಟು ಕಂತುಗಳು ಮರಳಲಿಲ್ಲ. ಸಿಕ್ಕ ಕೆಲವು ಕಂತುಗಳು ಸಿಕ್ಕಿದ್ದು ಹೊರದೇಶದ ಟಿವಿ ಕೇಂದ್ರಗಳಲ್ಲಿ ಮತ್ತು ಖಾಸಗಿಯವರ ಕೈಯಲ್ಲಿ ಉಳಿದಿದ್ದ ಪ್ರತಿಗಳಿಂದ.

ಹಾಗಾಗಿ ಕೇಳಬೇಕಾದದ್ದನ್ನು ಈಗಲೇ ಕೇಳೋಣ. ಮೀಟರುಗಳನ್ನು ಹೆಚ್ಚಿಸುವ ಮಾತು ದಿಲ್ಲಿಯಲ್ಲಿ ನಡೆದಿದೆ. ಹೆಚ್ಚಿಸುವುದಷ್ಟೇ ಸಾಲದು, ಉತ್ತರ ಕರ್ನಾಟಕದ ಅಂಕಿಯನ್ನು ಬೆಂಗಳೂರಿನೊಂದಿಗೆ ಕಲೆಸದೆ ಬೇರೆಯಾಗಿ ಪ್ರಕಟಿಸಬೇಕು, ಗಡಿಯಾಚೆಯ ಕನ್ನಡ ಮನೆಗಳನ್ನು ಕನ್ನಡದ ಲೆಕ್ಕಕ್ಕೂ ಸೇರಿಸಬೇಕು. ವಾಹಿನಿಗಳಿಗೂ ಇದರಲ್ಲಿ ನಷ್ಟವಿಲ್ಲ. ದ್ರಾಕ್ಷಿ ಬೆಳೆಗಾರನಿಗೆ ಗೊಬ್ಬರ, ಪೈಪು, ಟ್ರ್ಯಾಕ್ಟರ್ ಮಾರುವವರು ಈ ಅಂಕಿಗೆ ದುಡ್ಡು ಕೊಡುತ್ತಾರೆ.

ಸಂಗ್ರಹದ ಕೆಲಸಕ್ಕೆ ಮಾತ್ರ ದಿಲ್ಲಿಯನ್ನು ಕಾಯಬೇಕಾಗಿಲ್ಲ. ಫ.ಗು. ಹಳಕಟ್ಟಿಯವರು ವಕೀಲಿ ಬದಿಗಿಟ್ಟು ಮನೆಮನೆಯ ತಾಳೆಗರಿ ಕಲೆಹಾಕಿ 1923ರಲ್ಲಿ 'ವಚನ ಶಾಸ್ತ್ರ ಸಾರ'ವನ್ನು ಹೊರತಂದದ್ದು ಇದೇ ವಿಜಯಪುರದಲ್ಲಿದ್ದುಕೊಂಡು. ಅವರ ಹೆಸರಿನ ಸಂಶೋಧನ ಕೇಂದ್ರ ಬಿಎಲ್‌ಡಿಇ ಸಂಸ್ಥೆಯಲ್ಲಿದೆ. ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಕಲಿಯುವ ಹೆಣ್ಣುಮಕ್ಕಳಿದ್ದಾರೆ. 1975ರಲ್ಲಿ ಆ ಜಾಳಿಗೆ ಆಂಟೆನಾದ ಮುಂದೆ ಕೂತ ಹತ್ತು ವರ್ಷದ ಹುಡುಗ ಹುಡುಗಿಯರಿಗೆ ಈಗ ಅರವತ್ತು ದಾಟಿದೆ. ಅವರ ನೆನಪುಗಳನ್ನು ಧ್ವನಿಮುದ್ರಿಸುವುದು ಒಂದು ಬ್ಯಾಚಿನ ವಿದ್ಯಾರ್ಥಿನಿಯರು ಒಂದು ವರ್ಷದಲ್ಲಿ ಮಾಡಬಹುದಾದ ಕೆಲಸ, ಆದರೆ ಹತ್ತು ವರ್ಷ ಬಿಟ್ಟು ಮಾಡಲಾಗದ ಕೆಲಸ.

ಓದುಗರಿಗೆ ಒಂದು ಮಾತು. ಮನೆಯ ಅಟ್ಟದ ಮೇಲೆ, ಟ್ರಂಕಿನಲ್ಲಿ, ಮುಚ್ಚಿದ ವಿಡಿಯೊ ಲೈಬ್ರರಿಯ ಮೂಲೆಯಲ್ಲಿ ಹಳೆಯ ಕ್ಯಾಸೆಟ್ಟುಗಳಿದ್ದರೆ, ಟಿವಿಯಿಂದ ರೆಕಾರ್ಡ್ ಮಾಡಿಕೊಂಡ ನಾಟಕ, ಧಾರಾವಾಹಿ, ಊರಿನ ಜಾತ್ರೆಯ ವಾರ್ತೆ ಅದರಲ್ಲಿದ್ದರೆ, ದೀಪಾವಳಿಯ ಗುಡಿಸುವಿಕೆಯಲ್ಲಿ ಗುಜರಿಗೆ ಹಾಕಬೇಡಿ. ಕ್ಯಾಸೆಟ್ಟಿನ ಪಟ್ಟಿಗೆ ಬೂಷ್ಟು ಹತ್ತುವ ಮೊದಲು ಈ ಎರಡು ಸಂಸ್ಥೆಗಳಲ್ಲಿ ಯಾವುದಾದರೊಂದರ ಬಾಗಿಲಿಗೆ ಒಯ್ದು ಕೊಡಿ. ತೆಗೆದುಕೊಳ್ಳಲು ವ್ಯವಸ್ಥೆಯಿಲ್ಲ ಎಂದರೆ, ವ್ಯವಸ್ಥೆ ಮಾಡಿ ಎಂದು ಅಲ್ಲೇ ಕೂತು ಅರ್ಜಿ ಬರೆಯಿರಿ.